ಪರದೆಯ ಹಿಂದೆ ಕೂತವರ ನಗು

ನನ್ನ ಮುತ್ಯಾ ತನ್ನ ಮೊದಲ ಸಿನಿಮಾವನ್ನು ಪರದೆಯ ಹಿಂದಿನಿಂದ ನೋಡಿದ. ಕಬ್ಬು ಕಡಿಯಲು ಹೋದ ಯಾವುದೋ ಊರಿನಲ್ಲಿ ಬಿಳಿ ಬಟ್ಟೆ ಕಟ್ಟಿ ರಾಜರ ಕತೆ ತೋರಿಸುತ್ತಿದ್ದರಂತೆ. ಮುಂದಿನ ಸಾಲಿನಲ್ಲಿ ಪಾಟೀಲರು, ಕುಲಕರ್ಣಿಗಳು. ಅವರ ಹಿಂದೆ ಉಳಿದ ಊರು. ಕೇರಿಯವರಿಗೆ ಬಟ್ಟೆಯ ಆ ಕಡೆ ಜಾಗ. ಅಲ್ಲಿಂದ ನೋಡಿದರೆ ಎಲ್ಲವೂ ಉಲ್ಟಾ. ಅಕ್ಷರ ಉಲ್ಟಾ ಇದ್ದವು. ಮುತ್ಯಾಗೆ ನೆಟ್ಟಗಿನ ಅಕ್ಷರವೂ ಓದಲು ಬರುತ್ತಿರಲಿಲ್ಲವಾದ್ದರಿಂದ ಅದರಿಂದೇನೂ ತೊಂದರೆಯಾಗಲಿಲ್ಲ. ಆದರೆ ರಾಜ ಎಡಗೈಯಲ್ಲಿ ಕತ್ತಿ ಹಿಡಿದು ಬಂದ. ಮುತ್ಯಾ ಎದ್ದು ನಿಂತು ಕೂಗಿದನಂತೆ: “ಏ, ರಾಜಾ ಎಡಗೈಯಾಂವ ಅದಾನೋ! ನಮ್ಮಾಂವನೇ ಅದಾನ!” ಆ ಕಡೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಈ ಕಡೆಯಿಂದ ಬೈಗುಳ ಬಂತು.

ನಮ್ಮ ಮನೆತನದ ಮೊದಲ ಸಿನಿಮಾ ವಿಮರ್ಶಕ ಅವನೇ. ನಾನು ಎರಡನೆಯವ. ನಡುವೆ ಒಂದು ಡಿಗ್ರಿ ಬಂದಿದೆ, ಅಷ್ಟೇ.

ಈಗ ಈ ಮಾತು ಯಾಕೆಂದರೆ, ನಾವು ಕೆಲವು ಗೆಳೆಯರು ಕೂಡಿ ಡಬ್ಬಾ ಸಿನಿಮಾ ನೋಡುತ್ತೇವೆ. ಕೂಡಿ ಎಂದರೆ ಒಂದೇ ಕಡೆ ಕೂತು ಅಲ್ಲ. ನಾನು ನಿರ್ಣಾದಲ್ಲಿ, ಒಬ್ಬ ಹುಮನಾಬಾದಿನಲ್ಲಿ ಟೆಂಪೊ ಓಡಿಸುತ್ತಾನೆ, ಒಬ್ಬಾಕೆ ಬಸವಕಲ್ಯಾಣದಲ್ಲಿ ನರ್ಸ್, ಒಬ್ಬ ಕಲಬುರಗಿಯ ಹಾಸ್ಟೆಲಿನಲ್ಲಿ, ಇಬ್ಬರು ಮೂವರು ಬೆಂಗಳೂರಿನಲ್ಲಿ. 2020ರ ಲಾಕ್‌ಡೌನಿನಲ್ಲಿ ಶುರುವಾದದ್ದು. ಶನಿವಾರ ರಾತ್ರಿ ಹತ್ತಕ್ಕೆ ಎಲ್ಲರೂ ಒಂದೇ ಸಲ ಮೊಬೈಲಿನಲ್ಲಿ ಸಿನಿಮಾ ಹಚ್ಚುತ್ತೇವೆ. ನೋಡುತ್ತ ನೋಡುತ್ತ ಗ್ರೂಪಿನಲ್ಲಿ ಒಂದೊಂದು ದೃಶ್ಯಕ್ಕೂ ಒಂದೊಂದು ಮಾತು ಹೊಡೆಯುತ್ತೇವೆ. ಅವರಲ್ಲಿ ಕೆಲವರ ಮುಖವನ್ನು ನಾನು ಇವತ್ತಿಗೂ ಎದುರಾಬದರು ನೋಡಿಲ್ಲ. ಆದರೆ ಅವರು ಯಾವ ದೃಶ್ಯಕ್ಕೆ ನಗುತ್ತಾರೆಂಬುದು ಗೊತ್ತು. ಮನುಷ್ಯನನ್ನು ಅರಿಯಲು ಅದು ಸಣ್ಣ ದಾರಿಯೇನಲ್ಲ.

ಚಳವಳಿಯ ಹಿರಿಯರೊಬ್ಬರು ಇದನ್ನು ಕೇಳಿ, “ತಮ್ಮಾ, ಇದಕ್ಕ ಟೈಂ ಎಲ್ಲಿಂದ ಬರ್ತದೋ ನಿಮಗ?” ಎಂದರು. ಅವರ ಪ್ರಶ್ನೆಯನ್ನು ಗೌರವಿಸಿಯೇ ಹೇಳುತ್ತೇನೆ: ಇದು ಬರೀ ಮೋಜಲ್ಲ. ಪರದೆಗೆ ಎದುರು ಮಾತಾಡುವುದು ನಮ್ಮ ಜನರ ಹಳೆಯ ಹಕ್ಕು. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ರಾಜ ಎಷ್ಟೇ ಕಿರೀಟ ಹೊತ್ತು ಕುಣಿದು ಬರಲಿ, ಸಾರಥಿ ಎದುರು ನಿಂತು “ನೀವು ಯಾರು, ಎಲ್ಲಿಂದ ಬಂದಿರಿ” ಎಂದು ಕೇಳದೆ ಬಿಡುವುದಿಲ್ಲ. ರಾಜ ತನ್ನ ಹೆಸರು ತಾನೇ ಹೇಳಿಕೊಳ್ಳಬೇಕು. ನಡುನಡುವೆ ಸಾರಥಿ ಅವನ ಕಾಲೆಳೆಯುತ್ತಾನೆ, ಜನ ನಗುತ್ತಾರೆ. ಅಮೆರಿಕದಲ್ಲಿ 1988ರಲ್ಲಿ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ಟಿವಿ ಕಾರ್ಯಕ್ರಮ ಶುರುವಾಯಿತು. ಒಬ್ಬ ಮನುಷ್ಯ, ಎರಡು ಗೊಂಬೆ ರೋಬೋಗಳು ಕೂತು ಕೆಟ್ಟ ಸಿನಿಮಾ ನೋಡುತ್ತ ಚೇಷ್ಟೆ ಮಾಡುವುದು. ಬೆಂಗಳೂರಿನ ಗೆಳೆಯರು ಅದನ್ನು ದೊಡ್ಡ ಶೋಧದಂತೆ ಹೇಳಿದರು. ನಮ್ಮ ಸಾರಥಿ ಅದಕ್ಕೂ ಎಷ್ಟೋ ಹಿಂದಿನಿಂದ ಆ ಕೆಲಸ ಮಾಡುತ್ತ ಬಂದವನು.

ಆದ್ದರಿಂದ ನಗಬೇಕೋ ಬೇಡವೋ ಎಂಬುದು ಪ್ರಶ್ನೆಯಲ್ಲ. ಯಾರ ಮೇಲೆ ನಗುತ್ತಿದ್ದೇವೆ ಎಂಬುದು ಪ್ರಶ್ನೆ.

ನಾವು ನೋಡಿದ ಮೊದಲ ಸಿನಿಮಾ ‘ಗುಂಡಾ’. 1998ರ ಹಿಂದಿ ಚಿತ್ರ, ಕಾಂತಿ ಶಾ ನಿರ್ದೇಶನ, ಮಿಥುನ್ ಚಕ್ರವರ್ತಿ ನಾಯಕ. ಖಳರೆಲ್ಲ ತಮ್ಮ ಹೆಸರನ್ನು ಪ್ರಾಸ ಕಟ್ಟಿ ಹೇಳುತ್ತಾರೆ. ಹತ್ತು ರೂಪಾಯಿಯ ಕೆಲಸವನ್ನು ಎರಡು ರೂಪಾಯಿಯಲ್ಲಿ ಮುಗಿಸಿದ ಸಿನಿಮಾ. ದೊಡ್ಡ ಕಾಲೇಜುಗಳ ಹಾಸ್ಟೆಲುಗಳಲ್ಲಿ ಓದುವ ಹುಡುಗರು ಇದನ್ನು ಬಾಯಿಪಾಠ ಮಾಡಿ ನಕ್ಕು ನಕ್ಕು ಪ್ರಸಿದ್ಧಿಗೆ ತಂದರು. ನಾವೂ ನಕ್ಕೆವು. ಆಮೇಲೆ ಕೂತು ಯೋಚಿಸಿದಾಗ ಎರಡು ಸಂಗತಿ ಕಂಡವು.

ಒಂದು: ಆ ಸಿನಿಮಾದ ನಾಯಕ ಒಬ್ಬ ಕೂಲಿ. ಅಂಥ ಸಿನಿಮಾಗಳನ್ನು ಸಣ್ಣ ಊರಿನ ಟಾಕೀಸುಗಳಲ್ಲಿ ಬೆವರು ಒರೆಸಿಕೊಳ್ಳುತ್ತ ನೋಡಿದವರೂ ಕೂಲಿಗಳೇ. ನಾವು ನಕ್ಕ ಅರ್ಧ ನಗು ಬಡತನದ ಮೇಲಿನದು. ಗೋಡೆ ಅಲುಗಾಡಿತು, ಬಟ್ಟೆ ಹೊಂದಲಿಲ್ಲ, ಕ್ಯಾಮೆರಾ ನಡುಗಿತು! ರೊಕ್ಕ ಇಲ್ಲದವನ ಮನೆ ಸೋರಿದರೆ ನಗುವ ಜಾತಿಯ ನಗು ಅದು.

ಎರಡು: ಆ ಸಿನಿಮಾದಲ್ಲಿ ಹೆಣ್ಣಿನ ಮೇಲಿನ ಅತ್ಯಾಚಾರವೂ ಪ್ರಾಸದ ಮಾತಾಗಿ ಬರುತ್ತದೆ. ಅಲ್ಲಿಯೂ ಗ್ರೂಪಿನಲ್ಲಿ ನಗುವಿನ ಚಿತ್ರಗಳು ಬಿದ್ದವು. ಆಗ ಬಸವಕಲ್ಯಾಣದ ನರ್ಸ್ ಅಕ್ಕ ಒಂದೇ ಸಾಲು ಹಾಕಿದಳು: “ಆಕಿ ಮ್ಯಾಲ ನಗಬ್ಯಾಡ್ರಿ. ಹಿಂಗ ಬರದಾಂವನ ಮ್ಯಾಲ ನಗ್ರಿ.” ವಿಮರ್ಶೆಯ ಪಾಠವನ್ನು ನಾನು ಎಂ.ಎ. ತರಗತಿಯಲ್ಲಿ ಕಲಿಯಲಿಲ್ಲ, ಆ ಸಾಲಿನಲ್ಲಿ ಕಲಿತೆ.

ಇನ್ನೊಂದು ರಾತ್ರಿ ನನ್ನದೇ ಸರದಿ ಬಂತು. ಯಾವುದೋ ಕನ್ನಡ ಕಾಮಿಡಿ. ಹೆಸರು ಬೇಡ, ಅಂಥವು ನೂರಾರಿವೆ. ಯಜಮಾನನ ಮನೆಯ ಆಳು ಬರುತ್ತಾನೆ. ಮೈ ಕಪ್ಪು, ಹಲ್ಲು ಉಬ್ಬು, ಮಾತು ನಮ್ಮ ಕಡೆಯದು: “ಬರ್ತೀನ್ರಿ, ಹೋಗ್ತೀನ್ರಿ.” ಅವನು ಬಾಯಿ ತೆರೆದರೆ ಸಾಕು, ಹಿಂದೆ ಡೊಯ್ಯೆಂದು ನಗೆಯ ಸಂಗೀತ. ಬೆಂಗಳೂರಿನ ಗೆಳೆಯ “ಇವನ ಮಾತು ಕೇಳಿದರೇ ನಗು” ಎಂದು ಹಾಕಿದ. ನಾನೂ ನಗುವಿನ ಚಿತ್ರ ಒತ್ತಿದೆ. ಬಾಜೂಕ್ಕೆ ನಮ್ಮವ್ವ ಮಲಗಿದ್ದಳು. “ಏನಲೇ, ಯಾರು ಮಾತಾಡ್ಲತ್ತಾರ, ನಮ್ಮ ಕಾಕಾ ಮಾತಾಡ್ದಂಗ ಅದಲ್ಲ?” ಎಂದು ನಿದ್ದೆಗಣ್ಣಿನಲ್ಲೇ ಕೇಳಿದಳು. ನಾನು ಮೊಬೈಲಿನ ದನಿ ತಗ್ಗಿಸಿದೆ. ಆ ಸಿನಿಮಾ ಕೆಟ್ಟದ್ದೇ. ಆದರೆ ಆ ರಾತ್ರಿ ಅದರಷ್ಟೇ ಕೆಟ್ಟದ್ದಾಗಿದ್ದದ್ದು ನನ್ನ ನಗು.

ಉಮಾಶ್ರೀ ಅವರನ್ನು ನೆನೆಯಿರಿ. ವರ್ಷಗಟ್ಟಲೆ ಕನ್ನಡ ಸಿನಿಮಾ ಅವರ ಬಾಯಿಂದ ದ್ವಂದ್ವಾರ್ಥದ ಮಾತು ಆಡಿಸಿ, ಅವರ ಮೈಯನ್ನೇ ನಗೆಪಾಟಲು ಮಾಡಿ ದುಡ್ಡು ಎಣಿಸಿಕೊಂಡಿತು. ಅದೇ ಉಮಾಶ್ರೀ ರಂಗದ ಮೇಲೆ ದೇವನೂರ ಮಹಾದೇವ ಅವರ ‘ಒಡಲಾಳ’ದ ಸಾಕವ್ವನಾಗಿ ನಿಂತರು. ಅದೇ ಉಮಾಶ್ರೀ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಚಿತ್ರದಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿಯಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಮೈ ಅದೇ, ದನಿ ಅದೇ. ಬದಲಾದದ್ದು ನೋಡುವವರ ಕಣ್ಣು. ಹಾಗಿದ್ದರೆ ಕೆಟ್ಟದ್ದೆಲ್ಲಿತ್ತು? ಆ ಹೆಣ್ಣುಮಗಳಲ್ಲೋ, ಆಕೆಯನ್ನು ಹಾಗೆ ನಿಲ್ಲಿಸಿದವರಲ್ಲೋ? ‘ಗುಲಾಬಿ ಟಾಕೀಸ್’ನಲ್ಲಿ ಮೀನುಗಾರರ ಕೇರಿಯ ಹೆಂಗಸರು ಗುಲಾಬಿಯ ಮನೆಯ ಟಿವಿಯ ಮುಂದೆ ಕೂಡುತ್ತಾರೆ. ಕೂಡಿ ನೋಡುವುದರಲ್ಲಿ ಎಂಥ ಸಂಬಂಧ ಹುಟ್ಟುತ್ತದೆ, ಹೊರಗಿನ ದ್ವೇಷ ಬಂದು ಅದನ್ನು ಹೇಗೆ ಒಡೆಯುತ್ತದೆ ಎಂಬುದು ಆ ಚಿತ್ರ ನೋಡಿದವರಿಗೆ ಗೊತ್ತು.

ಒಡೆಯುವ ಮಾತು ಬಂತಲ್ಲ, ನಮ್ಮ ಗ್ರೂಪೂ ಒಡೆಯಿತು. ಅದನ್ನೂ ಮುಚ್ಚಿಡದೆ ಹೇಳಬೇಕು.

ಯಾವಾಗಲೂ ಬಡ ಸಿನಿಮಾಗಳನ್ನೇ ಯಾಕೆ ಆರಿಸುವುದು, ಒಮ್ಮೆ ದೊಡ್ಡ ಸಿನಿಮಾ ನೋಡೋಣ ಎಂದು ನಾನು ‘ಪೆದರಾಯುಡು’ ಸೂಚಿಸಿದೆ. 1995ರ ತೆಲುಗು ಚಿತ್ರ, ಮೋಹನ್ ಬಾಬು ನಾಯಕ, ರಜನೀಕಾಂತ್ ಹಿರಿಯ ತೀರ್ಪುಗಾರ. ತೆಲಂಗಾಣದ ಗಡಿಗೆ ಅಂಟಿಕೊಂಡ ನಮ್ಮ ಕಡೆ ಈ ಸಿನಿಮಾ ಗೊತ್ತಿಲ್ಲದವರು ಕಡಿಮೆ. ಇದರ ಮೂಲ ತಮಿಳಿನ ‘ನಾಟ್ಟಾಮೈ’ (1994). ಕನ್ನಡದಲ್ಲಿ ಇದೇ ಕತೆ ವಿಷ್ಣುವರ್ಧನ್ ಅವರ ‘ಸಿಂಹಾದ್ರಿಯ ಸಿಂಹ’ (2002) ಆಯಿತು, ಹಿಂದಿಯಲ್ಲಿ ‘ಬುಲಂದಿ’ (2000) ಆಯಿತು. ನಾಲ್ಕು ಭಾಷೆ, ಊರ ಹಿರಿಯ ಜಮೀನ್ದಾರ ಒಬ್ಬನೇ! ಅವನು ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಾನೆ. ಬಡ ಹುಡುಗಿಯನ್ನು ಕೆಡಿಸಿದವನಿಗೆ ತೀರ್ಪೇನು? ಆಕೆಯನ್ನೇ ಮದುವೆಯಾಗು. ಎದುರು ನಿಂತ ಮನೆತನಕ್ಕೆ ತೀರ್ಪೇನು? ಬಹಿಷ್ಕಾರ. ತಮಿಳಿನ ಮೂಲದಲ್ಲಿ ಅದು 18 ವರ್ಷದ್ದು. ಅವರೊಡನೆ ಯಾರೂ ಮಾತಾಡಕೂಡದು, ಯಾರೂ ನೆರವಾಗಕೂಡದು. ಪೊಲೀಸು, ಕೋರ್ಟು, ಸಂವಿಧಾನ ಯಾವುದೂ ಆ ಊರಿಗೆ ಬಂದೇ ಇಲ್ಲ. ಇದನ್ನು ಲಕ್ಷಾಂತರ ಜನ ಕಣ್ಣೀರು ಹಾಕಿ ನೋಡಿದರು. ಗೋಡೆ ಅಲುಗಾಡುವುದಿಲ್ಲ, ಕ್ಯಾಮೆರಾ ನಡುಗುವುದಿಲ್ಲ. ಎಲ್ಲವೂ ಭರ್ಜರಿ. ಆದ್ದರಿಂದ ಇದನ್ನು ಯಾರೂ ಡಬ್ಬಾ ಸಿನಿಮಾ ಎನ್ನುವುದಿಲ್ಲ.

ಬಹಿಷ್ಕಾರದ ದೃಶ್ಯ ಬಂದಾಗ ಹುಮನಾಬಾದಿನ ಟೆಂಪೊ ಗೆಳೆಯ ಬರೆದ: “ಯಾರೂ ಅವರ ಮನಿ ನೀರು ಮುಟ್ಟಬಾರ್ದಂತ. ಈ ಶಿಕ್ಷಾ ನಮಗ ಯಾವ ತಪ್ಪಿಗಿ ಕೊಟ್ಟಿದ್ರು, ಜರಾ ಫೈಲ್ ತಗದು ನೋಡ್ರಿ ಗೌಡ್ರ.” ನಾನು ಕಂಬಳಿ ಬಾಯಿಗೊತ್ತಿ ನಕ್ಕೆ. ನರ್ಸ್ ಅಕ್ಕ ಹಾಕಿದಳು: “ಫೈಲ್ ಇಲ್ಲ. ಬಾಯಿಮಾತಿನ ಆರ್ಡರು.” ಆಮೇಲೆ ಸ್ವಲ್ಪ ಹೊತ್ತು ಗ್ರೂಪು ಸುಮ್ಮನಾಯಿತು. ಬೆಂಗಳೂರಿನ ಗೆಳೆಯ, ನಮ್ಮೆಲ್ಲರಿಗಿಂತ ಚೆನ್ನಾಗಿ ನಗಿಸುತ್ತಿದ್ದವನು, “ಎಲ್ಲದರಲ್ಲೂ ಜಾತಿ ಯಾಕೆ ತರ್ತೀರಾ? ಸುಮ್ನೆ ಮಜಾ ಮಾಡಕ್ಕೆ ಬಂದಿದ್ದು” ಎಂದು ಬರೆದು ಗ್ರೂಪಿನಿಂದ ಹೊರಗೆ ಹೋದ. ಇನ್ನೂ ತಿರುಗಿ ಬಂದಿಲ್ಲ. ಅವನ ಮಾತುಗಳಿಲ್ಲದೆ ಈಗಿನ ಶನಿವಾರಗಳು ಸಪ್ಪೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಅವನ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಜಾತಿಯನ್ನು ಸಿನಿಮಾಕ್ಕೆ ನಾವು ತರಲಿಲ್ಲ ಗೆಳೆಯಾ. ಅದು ಮೊದಲೇ ಅಲ್ಲಿ ಕಟ್ಟೆಯ ಮೇಲೆ ಕೂತಿತ್ತು. ನಾವು ಸಾರಥಿಯ ಹಾಗೆ “ನೀವು ಯಾರು” ಎಂದು ಕೇಳಿದೆವು, ಅಷ್ಟೇ.

ಕೆಟ್ಟದ್ದನ್ನು ಕೆಟ್ಟದ್ದು ಎನ್ನುವ ಹಕ್ಕು ಈ ನಾಡಿನಲ್ಲಿ ಎಲ್ಲರಿಗೂ ಒಂದೇ ಸಮ ಇಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಅದೂ ಒಂದು ಸಾಹಿತ್ಯ ವಿಮರ್ಶೆಯೇ. ಅದನ್ನು ಒಪ್ಪಬಹುದಿತ್ತು, ವಾದ ಮಾಡಿ ತಳ್ಳಿಹಾಕಬಹುದಿತ್ತು. ಆದದ್ದೇನು? ಬೀದಿಗಳಲ್ಲಿ ಗಲಭೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ, ಕೊನೆಗೆ ಮಂತ್ರಿಯ ರಾಜೀನಾಮೆ. ಅದೇ ಮಾತನ್ನು ಮೇಲುಜಾತಿಯ ಪಂಡಿತನೊಬ್ಬ ಆಡಿದ್ದರೆ ಅದು ‘ನಿಷ್ಠುರ ವಿಮರ್ಶೆ’ ಎನಿಸಿಕೊಳ್ಳುತ್ತಿತ್ತು. ಆ ಗಾಯದಿಂದಲೇ ನಮ್ಮ ಚಳವಳಿಯ ತಲೆಮಾರೊಂದು ಎದ್ದು ಬಂತೆಂಬುದನ್ನು ಮರೆಯಬಾರದು. ನಾವೀಗ ಮೊಬೈಲಿನಲ್ಲಿ ಕೂತು ಇದು ಬೂಸಾ, ಅದು ಬೂಸಾ ಎಂದು ನಗುತ್ತಿರುವಾಗ, ಈ ಹಕ್ಕಿಗೆ ಒಬ್ಬರು ಬೆಲೆ ತೆತ್ತಿದ್ದಾರೆಂಬ ಎಚ್ಚರ ಬೇಕು. ಆ ಹಕ್ಕನ್ನು ಬಡ ಸಿನಿಮಾದವನ ಅಲುಗಾಡುವ ಗೋಡೆಯ ಮೇಲೆ, ಕರಿ ಮೈಯ ಆಳಿನ ಮೇಲೆ, ಕೆಟ್ಟ ಕನ್ನಡ ಎನಿಸಿಕೊಂಡ ನಮ್ಮದೇ ಮಾತಿನ ಮೇಲೆ ಖರ್ಚು ಮಾಡಿ ಮುಗಿಸಿದರೆ ನಾವು ಯಾರ ಕೆಲಸ ಮಾಡಿದಂತಾಯಿತು?

ಕಸಬು ಸರಿಯಾಗಿ ಬರದವನ ಸಿನಿಮಾ ಕಚ್ಚಾ ಸಿನಿಮಾ. ಕಸಬು ಚಲೋ ಬಲ್ಲವನು ಅನ್ಯಾಯವನ್ನು ನ್ಯಾಯವೆಂದು ನಂಬಿಸಿದರೆ ಅದು ಕೆಟ್ಟ ಸಿನಿಮಾ. ಈ ಎರಡನ್ನೂ ನಾವು ಬೇರೆ ಬೇರೆ ಇಡಬೇಕು. ಕಚ್ಚಾ ಸಿನಿಮಾಕ್ಕೆ ಪ್ರೀತಿಯಿಂದ ನಗೋಣ, ಅದನ್ನು ಮಾಡಿದವರ ಕಷ್ಟವೂ ನೆನಪಿರಲಿ. ಕೆಟ್ಟ ಸಿನಿಮಾಕ್ಕೆ ಮಾತ್ರ ಅದರ ಕಟ್ಟೆ ಅಲುಗಾಡುವ ಹಾಗೆ ನಗಬೇಕು.

ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ನಿಮ್ಮಲ್ಲಿ ಒಂದು ವಿನಂತಿ. ಒಂದು ಭಾನುವಾರ ಇಂಥದೊಂದು ದೊಡ್ಡ ಸಿನಿಮಾ ಹಚ್ಚಿರಿ. ಕಳೆ ತೆಗೆದು ಬಂದ ಹೆಣ್ಣುಮಕ್ಕಳನ್ನು, ಮುತ್ಯಾಗಳನ್ನು ಕರೆದು ಮುಂದೆ ಕೂಡಿಸಿರಿ. ಬಾಯಿ ಮುಚ್ಚಿಕೊಂಡು ನೋಡಿ ಎಂದು ಯಾರನ್ನೂ ಗದರಬೇಡಿ. ತೀರ್ಪಿನ ದೃಶ್ಯ ಬಂದಾಗ ಅವರು ಏನನ್ನುತ್ತಾರೆ, ಎಲ್ಲಿ ನಗುತ್ತಾರೆ, ಎಲ್ಲಿ ನಗುವುದಿಲ್ಲ ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿರಿ. ಬರೆದದ್ದನ್ನು ಈ ಪತ್ರಿಕೆಗೆ ಕಳಿಸಿರಿ. ನಮ್ಮ ಸಿನಿಮಾ ವಿಮರ್ಶೆ ಅಲ್ಲಿಂದ ಶುರುವಾಗಲಿ.