ಕೊಡಗಿನ ಪದಕದ ಕನ್ನಡ

ಲಂಡನ್ನಿನ ಹರಾಜು ಸಂಸ್ಥೆಗಳು ಹೊರತರುವ ಪಟ್ಟಿಗಳಲ್ಲಿ ಆಗಾಗ ಒಂದು ಪದಕ ಕಾಣಿಸಿಕೊಳ್ಳುವುದುಂಟು. 1837ರದು, ಈಸ್ಟ್ ಇಂಡಿಯಾ ಕಂಪನಿಯವರು ಕಲ್ಕತ್ತೆಯ ಟಂಕಸಾಲೆಯಲ್ಲಿ ಅಚ್ಚುಹಾಕಿಸಿ ಕೊಡಗಿನವರಿಗೆ ಕೊಟ್ಟದ್ದು. ಅಡ್ಡಗಲ ಸುಮಾರು ಐದು ಸೆಂಟಿಮೀಟರು. ಚಿನ್ನದಲ್ಲಿ ಹತ್ತಾರು, ಬೆಳ್ಳಿಯಲ್ಲಿ ಕೆಲವು ನೂರು, ಇಷ್ಟೇ ಹೊರಬಿದ್ದದ್ದರಿಂದ ಸಂಗ್ರಾಹಕರಿಗೆ ಅದರ ಮೇಲೆ ಬಲು ಆಸೆ. ಲೋಹ ಯಾವುದು, ಅಂಚು ಸವೆದಿದೆಯೆ, ಕೊಂಡಿ ಮೂಲದ್ದೆ, ಹಿಂದೆ ಯಾರ ಸಂಗ್ರಹದಲ್ಲಿತ್ತು ಎಂಬುದೆಲ್ಲ ಪಟ್ಟಿಯಲ್ಲಿ ವಿವರವಾಗಿರುತ್ತದೆ. ಅದರ ಒಂದು ಮುಖದ ಸುತ್ತ ಬರೆದಿರುವ ಮಾತು ಮಾತ್ರ ಸಾಮಾನ್ಯವಾಗಿ ಇಂಗ್ಲಿಷ್ ಅನುವಾದದಲ್ಲಷ್ಟೇ ಸಿಕ್ಕುತ್ತದೆ. ಮೂಲ ಕನ್ನಡ. ಕೊಳ್ಳುವವರಿಗೆ ಅದು ಬೇಕಿಲ್ಲ. ಬೇಕಾದ ನಾವು ಅದನ್ನು ಕೇಳಿಲ್ಲ.

ಕನ್ನಡ ಪಾಠ ಹೇಳುವವನಿಗೆ ಪದಕಗಳ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೆಂದು ಹೆಸರಾದ ಊರು ಇದು. ಇಲ್ಲಿಯ ವಚನ ಶಿಲಾಮಂಟಪದಲ್ಲಿ ಶರಣರ ವಚನಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಬಾಯಿಂದ ಬಂದ ಮಾತು ಓಲೆಗೆ ಇಳಿದು, ಓಲೆಯಿಂದ ಅಚ್ಚಿನ ಪುಸ್ತಕಕ್ಕೆ ಬಂದು, ಅಲ್ಲಿಂದ ಕಲ್ಲಿಗೆ ಹತ್ತಿದೆ. ಗಟ್ಟಿಯಾದ ಪದಾರ್ಥದ ಮೇಲೆ ಅಕ್ಷರ ಕೂತಾಗ ಅದರ ಅರ್ಥವೂ ಬೇರೆಯಾಗುತ್ತದೆ ಎಂಬುದು ಈ ಊರಿನಲ್ಲಿ ಇರುವವನಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಕಲ್ಲಿನ ಶಾಸನವನ್ನೂ ತಾಮ್ರಪಟವನ್ನೂ ಓದುವ ಶಾಸ್ತ್ರ ನಮ್ಮಲ್ಲಿ ಬೆಳೆದಿದೆ. ಅಂಗೈಯಲ್ಲಿ ಹಿಡಿಯುವ ಲೋಹದ ಬಿಲ್ಲೆಯನ್ನು ಓದುವುದು ಬೆಳೆದಿಲ್ಲ.

ಪದಕವೆಂದರೆ ನಮಗೆ ಮೊದಲು ನೆನಪಾಗುವುದು ಘಟಿಕೋತ್ಸವ. ಯಾರಿಗೆ ಎಷ್ಟು ಚಿನ್ನದ ಪದಕ ಬಂತೆಂಬ ಎಣಿಕೆ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆ ಪದಕದ ಮೇಲೆ ಏನಿದೆ, ಯಾರು ಕೆತ್ತಿದರು ಎಂದು ಪಡೆದವರೂ ನೋಡುವುದಿಲ್ಲ, ಕೊಟ್ಟವರೂ ನೋಡುವುದಿಲ್ಲ. ಅಕ್ಕಸಾಲಿಗನೊಬ್ಬನೇ ಅದನ್ನು ಗಮನವಿಟ್ಟು ನೋಡುವವನು, ಅದೂ ತೂಕಕ್ಕಾಗಿ.

ಪದಕವನ್ನು ಕಲಾಕೃತಿಯೆಂದು ನೋಡುವ ಪದ್ಧತಿ ಎಲ್ಲಿ ಹೇಗೆ ಬಂತೆಂಬುದಕ್ಕೆ ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕ ಒಳ್ಳೆಯ ನಿದರ್ಶನ. ಶಿಲ್ಪಿ ದೊಡ್ಡದಾಗಿ ಮಣ್ಣಿನಲ್ಲೋ ಗಾರೆಯಲ್ಲೋ ಮಾಡಿದ ಆಕೃತಿಯನ್ನು ಯಂತ್ರದಿಂದ ಕುಗ್ಗಿಸಿ ಉಕ್ಕಿನ ಅಚ್ಚಿಗೆ ಇಳಿಸುವ ಅನುಕೂಲ ಆ ಹೊತ್ತಿಗೆ ಒದಗಿತ್ತು. ಹೀಗಾಗಿ ಟಂಕಸಾಲೆಯ ಕುಶಲಿಗಳ ಸೊತ್ತಾಗಿದ್ದ ಪದಕ ದೊಡ್ಡ ಶಿಲ್ಪಿಗಳ ಕೈಗೆ ಬಂತು. ಸ್ವಾಮಿ ವಿವೇಕಾನಂದರು ಭಾಷಣಮಾಡಿದ 1893ರ ಚಿಕಾಗೋ ನಗರದ ಮಹಾಪ್ರದರ್ಶನವನ್ನು ನಮ್ಮವರೆಲ್ಲ ಬಲ್ಲರು. ಆ ಪ್ರದರ್ಶನದ ಬಹುಮಾನ ಪದಕವನ್ನು ಮಾಡಿದವನು ಆಗಸ್ಟಸ್ ಸೇಂಟ್ ಗಾಡೆನ್ಸ್. ಅದರ ಹಿಂಬದಿಯಲ್ಲಿ ಅವನು ರೂಪಿಸಿದ್ದ ಬತ್ತಲೆ ತರುಣನ ಆಕೃತಿ ದೊಡ್ಡವರ ಕಣ್ಣಿಗೆ ಅಸಭ್ಯವಾಗಿ ಕಂಡು, ಟಂಕಸಾಲೆಯ ಚಾರ್ಲ್ಸ್ ಬಾರ್ಬರನ ಕೆತ್ತನೆ ಅದರ ಜಾಗಕ್ಕೆ ಬಂತು. ಒಂದೇ ಪದಕದ ಎರಡು ಮುಖ ಇಬ್ಬರ ಕೈಯದು, ಎರಡು ಮನೋಧರ್ಮದ್ದು! ಲಿಥುವೇನಿಯಾದಿಂದ ಹೋಗಿ ನೆಲೆಸಿದ ವಿಕ್ಟರ್ ಡೇವಿಡ್ ಬ್ರೆನ್ನರ್ ತಾನು ಮೊದಲೇ ಮಾಡಿದ್ದ ಲಿಂಕನ್ನನ ಮುಖವನ್ನು 1909ರ ಒಂದು ಸೆಂಟಿನ ನಾಣ್ಯಕ್ಕೆ ಕೊಟ್ಟ. ನಾಣ್ಯದ ಹಿಂದೆ ತನ್ನ ಹೆಸರಿನ ಮೂರು ಮೊದಲಕ್ಷರಗಳನ್ನು ಹಾಕಿದ್ದಕ್ಕೆ ಗುಲ್ಲೆದ್ದು ಕೆಲವೇ ದಿನಗಳಲ್ಲಿ ಅವನ್ನು ಕಿತ್ತುಹಾಕಿದರು. 1918ರಲ್ಲಿ ಸಣ್ಣದಾಗಿ, ಲಿಂಕನ್ನನ ಭುಜದ ಮೇಲೆ, ಮತ್ತೆ ಹಾಕಿದರು. ಸಂಗ್ರಾಹಕರು ಇಂದಿಗೂ ಆ ಮೂರಕ್ಷರವನ್ನು ಭೂತಗನ್ನಡಿ ಹಿಡಿದು ಹುಡುಕುತ್ತಾರೆ. ಹುಚ್ಚೆನ್ನಬಹುದು. ಆದರೆ ಈ ಕೃತಿಗೆ ಕರ್ತೃ ಯಾರೆಂದು ಕೇಳುವ ಹುಚ್ಚು ಅದು. ನಮ್ಮ ಹಸ್ತಪ್ರತಿ ಶಾಸ್ತ್ರದವರ ಹುಚ್ಚಿಗಿಂತ ಬೇರೆಯಲ್ಲ.

1908ರಲ್ಲಿ ನ್ಯೂಯಾರ್ಕಿನಲ್ಲಿ ಪದಕಪ್ರಿಯರ ಕೂಟವೊಂದು ಹುಟ್ಟಿತು. 1915ರ ತನಕ ಹನ್ನೆರಡು ಪದಕಗಳನ್ನು ಅದು ಸದಸ್ಯರಿಗೆ ಹಂಚಿತು. ಹಂಚಿದ ರೀತಿ ಸೊಗಸಾದದ್ದು: ಪುಸ್ತಕದಂತೆ ಕಟ್ಟಿದ ರಟ್ಟಿನೊಳಗೆ ಪದಕವನ್ನು ಕೂರಿಸಿ, ಜೊತೆಗೆ ಅದರ ವಿಷಯವಾಗಿ ಒಂದು ಲೇಖನ. ಪದಕವನ್ನು ಪುಸ್ತಕದ ಹಾಗೆ ತೆರೆದು ಓದಬೇಕೆಂಬ ಭಾವನೆ ಅದರಲ್ಲಿದೆ. ಈ ಕೂಟದ ಸ್ಥಾಪಕರಲ್ಲಿ ಒಬ್ಬನಾದ ಚಾರ್ಲ್ಸ್ ಡಿ ಕೇ ದಿನಪತ್ರಿಕೆಯೊಂದರಲ್ಲಿ ಬಹುಕಾಲ ಸಾಹಿತ್ಯ ಮತ್ತು ಕಲೆಯ ಪುಟಗಳನ್ನು ನೋಡಿಕೊಳ್ಳುತ್ತಿದ್ದ ವಿಮರ್ಶಕ. ಪತ್ರಿಕೆಯ ವಿಮರ್ಶಕರ ಮೇಲೆ ಲಘುವಾಗಿ ಮಾತನಾಡುವವರು ಇದನ್ನು ಗಮನಿಸಬೇಕೆಂದು ಅರಿಕೆ.

ಈ ಕಣ್ಣಿನಿಂದ ನಮ್ಮ ನಾಡಿಗೆ ಸಂಬಂಧಪಟ್ಟ ಪದಕಗಳನ್ನು ನೋಡೋಣ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಟಿಪ್ಪುವಿನ ಕೋಟೆ ಬಿದ್ದ ನೆನಪಿಗೆ ಕಂಪನಿಯವರು ಮಾಡಿಸಿದ್ದು. ಕೆತ್ತಿದವನು ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯ ಕ್ಯೂಖ್ಲರ್. ಸಂಗ್ರಾಹಕರು ಕೊಡುವ ಲೆಕ್ಕದಂತೆ ಚಿನ್ನದವು 30, ಚಿನ್ನದ ಮುಲಾಮಿನ ಬೆಳ್ಳಿಯವು 185, ಬೆಳ್ಳಿಯವು 3,636, ಕಂಚಿನವು 5,000, ತವರದವು 45,000. ಸೇನೆಯ ಶ್ರೇಣಿಯೇ ಐದು ಲೋಹಗಳಾಗಿ ಇಳಿದುಬಂದಿದೆ. ಸಾಮಾನ್ಯ ಸಿಪಾಯಿಯ ಪಾಲಿಗೆ ತವರ. ಮುಂಬದಿಯಲ್ಲಿ ಬ್ರಿಟನ್ನಿನ ಸಿಂಹ ಹುಲಿಯನ್ನು ಕೆಡವಿದೆ. ಹಿಂಬದಿಯಲ್ಲಿ ಕೋಟೆಗೆ ನುಗ್ಗುವ ದಂಡು, ನೆತ್ತಿಯ ಮೇಲೆ ನಡುಹಗಲಿನ ಸೂರ್ಯ. ಸಂಗ್ರಾಹಕರ ವಿವರಣೆ ಇಷ್ಟಕ್ಕೆ ಮುಗಿಯುತ್ತದೆ. ಸಿಂಹದ ಮೇಲಿನ ಬಾವುಟದಲ್ಲಿ ಅರಬ್ಬಿಯಲ್ಲಿ ಬರೆದಿರುವ ಮಾತಿನಿಂದ ವಿಮರ್ಶಕನ ಕೆಲಸ ಮೊದಲಾಗುತ್ತದೆ. ‘ಅಸದುಲ್ಲಾಹ್ ಅಲ್ ಗಾಲಿಬ್’, ದೇವರ ಸಿಂಹ ಜಯಶಾಲಿ ಎಂದು ಅದರ ಅರ್ಥ. ಇದು ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮೊಗದ ಆಕಾರದಲ್ಲಿ ಬರೆಸುತ್ತಿದ್ದ ಮಾತೇ! ಹಿಂಬದಿಯ ಪಾರ್ಸಿ ಬರೆಹದಲ್ಲಿ ಪಟ್ಟಣವನ್ನು ‘ಖುದಾದಾದ್’, ದೇವದತ್ತ, ಎಂದು ಕರೆದಿದ್ದಾರೆ. ಅದೂ ಟಿಪ್ಪು ತನ್ನ ಸರ್ಕಾರಕ್ಕೆ ಇಟ್ಟಿದ್ದ ಹೆಸರು. ಕೋಟೆಯನ್ನು ಗೆದ್ದವರು ಅವನ ಬಿರುದನ್ನೂ ಗೆದ್ದುಕೊಂಡು ತಮ್ಮ ಸಿಂಹಕ್ಕೆ ತೊಡಿಸಿದರು. ಶ್ಲೇಷೆಯನ್ನು ಬಲ್ಲ ಯಾವ ಕವಿಯೂ ಇದಕ್ಕಿಂತ ಕ್ರೂರವಾದ ಶ್ಲೇಷೆಯನ್ನು ಮಾಡಲಾರ. ಶ್ರೀರಂಗನ ಪಟ್ಟಣದ ಈ ಪದಕದಲ್ಲಿ ಕನ್ನಡ ಒಂದಕ್ಷರವೂ ಇಲ್ಲ.

ಕೊಡಗಿನ ಪದಕದಲ್ಲಿ ಇದೆ. 1834ರಲ್ಲಿ ಕಂಪನಿ ಚಿಕವೀರ ರಾಜೇಂದ್ರನನ್ನು ಇಳಿಸಿ ಕೊಡಗನ್ನು ಸೇರಿಸಿಕೊಂಡಿತು. ಕೊಡಗಿನ ಕೈಕೆಳಗಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕನ್ನಡ ಜಿಲ್ಲೆಗೆ ಹಾಕಿದರು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದರು. ರೈತ ಹಣಕ್ಕಾಗಿ ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. 1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಕಡೆ ಜನ ಎದ್ದರು. ಬೆಳ್ಳಾರೆಯ ಖಜಾನೆ ಹಿಡಿದು ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರಿಗೆ ಬಂದು ಬಾವುಟಗುಡ್ಡೆಯ ಮೇಲೆ ತಮ್ಮ ಬಾವುಟ ಏರಿಸಿದರು. ಹದಿಮೂರು ದಿನ ಊರು ಅವರದಾಗಿತ್ತು. ಆಮೇಲೆ ಸೇನೆ ಬಂತು, ಗಲ್ಲುಗಳಾದವು. ಅದೇ ವರ್ಷದ ಅಕ್ಟೋಬರಿನಲ್ಲಿ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯಲ್ಲೇ ಗಲ್ಲಿಗೇರಿಸಿದರು. ಕಂಪನಿಯ ಪರವಾಗಿ ನಿಂತ ಕೊಡಗಿನವರಿಗೆ ಈ ಪದಕ ಬಂತು.

ಇದರ ಎರಡು ಮುಖಗಳನ್ನು ಒಂದರ ಪಕ್ಕ ಒಂದಿಟ್ಟು ಓದಬೇಕು. ಇಂಗ್ಲಿಷಿನ ಮುಖ ಹೇಳುವುದು: ಬ್ರಿಟಿಷ್ ಸರ್ಕಾರಕ್ಕೆ ತೋರಿದ ನಿಷ್ಠೆಗಾಗಿ, ವಿಶಿಷ್ಟ ನಡತೆಗಾಗಿ, ಕೊಡಗು, ಏಪ್ರಿಲ್ 1837. ಕನ್ನಡದ ಮುಖದ ತಾತ್ಪರ್ಯ: 1837ರ ಏಪ್ರಿಲ್, ಮೇ ತಿಂಗಳುಗಳಲ್ಲಿ ದಂಗೆಯನ್ನು ಅಡಗಿಸುವುದರಲ್ಲಿ ಕಂಪನಿ ಸರ್ಕಾರಕ್ಕೆ ತೋರಿದ ನಿಷ್ಠೆಗಾಗಿ ಕೊಟ್ಟ ಗುರುತು. ಎರಡೂ ಒಂದೇ ಮಾತಲ್ಲ. ಇಂಗ್ಲಿಷಿನಲ್ಲಿ ದಂಗೆಯೇ ಆಗಿಲ್ಲ. ಒಳ್ಳೆಯ ನಡತೆಯ ಬಹುಮಾನವೆಂಬಂತೆ ಸೌಮ್ಯವಾಗಿದೆ. ಲಂಡನ್ನಿನಲ್ಲಿ ಅದನ್ನು ತಿರುವಿ ನೋಡಿದವರಿಗೆ ಕಂಪನಿಯ ಆಳ್ವಿಕೆಯ ಮೂರನೆಯ ವರ್ಷದಲ್ಲೇ ಜನ ತಿರುಗಿಬಿದ್ದರೆಂಬುದು ತಿಳಿಯುವಂತಿಲ್ಲ. ಕನ್ನಡಕ್ಕೆ ಆ ನಾಚಿಕೆ ಇಲ್ಲ. ಇಲ್ಲಿಯವರಿಗೆ ನಡೆದದ್ದು ಗೊತ್ತೇ ಇತ್ತು, ಮುಚ್ಚಿ ಪ್ರಯೋಜನವೇನು? ಅಲ್ಲಿ ಏಪ್ರಿಲ್ ಒಂದೇ, ಇಲ್ಲಿ ಮೇ ತಿಂಗಳೂ ಸೇರಿದೆ. ಗಲಭೆ ಎಳೆದಾಡಿದ್ದನ್ನೂ ಕನ್ನಡವೇ ಒಪ್ಪಿಕೊಂಡಿದೆ. ಅಲ್ಲಿ ಬ್ರಿಟಿಷ್ ಸರ್ಕಾರ, ಇಲ್ಲಿ ಕಂಪನಿ ಸರ್ಕಾರ. ಒಡೆಯ ಯಾರೆಂಬುದನ್ನು ಒಂದೇ ತುಂಡು ಬೆಳ್ಳಿ ಎರಡು ಭಾಷೆಯಲ್ಲಿ ಎರಡು ಬಗೆಯಾಗಿ ಹೇಳುತ್ತದೆ. ನಮ್ಮಲ್ಲಿ ಮೂಲ ಮತ್ತು ಅನುವಾದಗಳನ್ನು ಹೋಲಿಸಿ ಪ್ರಬಂಧ ಬರೆಯುವವರಿಗೆ ಕೊರತೆಯಿಲ್ಲ. ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಭಾರವಾದ ಪಾಠ ಅವರಿಗೆ ಎಲ್ಲಿ ಸಿಕ್ಕೀತು?

ಚಿತ್ರಗಳೂ ಹೀಗೆಯೆ. ಕನ್ನಡದ ಮುಖದಲ್ಲಿ ಕೊಡಗಿನ ಯೋಧ ಬಲಗೈಯಲ್ಲಿ ಕತ್ತಿ ಎತ್ತಿ, ಎಡಗೈಯಲ್ಲಿ ಬಂದೂಕು ಹಿಡಿದು ಹೋರಾಟದ ನಿಲುವಿನಲ್ಲಿ ನಿಂತಿದ್ದಾನೆ. ಇಂಗ್ಲಿಷಿನ ಮುಖದಲ್ಲಿ ಮನುಷ್ಯನಿಲ್ಲ. ಎಲೆಗಳ ಹಾರದ ನಡುವೆ ಅವನ ಕತ್ತಿ ಮತ್ತು ಪಟ್ಟಿ ಮಾತ್ರ ಇವೆ. ಯೋಧ ಕತ್ತಿ ಎತ್ತಿರುವುದು ಯಾರ ಮೇಲೆ? ಶ್ರೀರಂಗಪಟ್ಟಣದ ಪದಕದಲ್ಲಿ ಸಿಂಹಕ್ಕೆ ಹುಲಿಯಿತ್ತು. ಇಲ್ಲಿ ಎದುರಾಳಿಯ ಜಾಗ ಖಾಲಿ. ಅವನನ್ನು ಚಿತ್ರಿಸಿದ್ದರೆ ಅವನೂ ಇದೇ ಸೀಮೆಯವನಾಗಿ, ಇಂಥದೇ ಕತ್ತಿ ಹಿಡಿದವನಾಗಿ ಕಾಣುತ್ತಿದ್ದ. ರೂಪಿಸಿದವರು ಇದನ್ನೆಲ್ಲ ಎಣಿಸಿ ಮಾಡಿದರೆಂದು ನನ್ನ ವಾದವಲ್ಲ. ಕೃತಿಯಲ್ಲಿ ಬಿಟ್ಟುಹೋದದ್ದಕ್ಕೂ ಅರ್ಥ ಉಂಟೆಂಬುದು ವಿಮರ್ಶೆಯ ಹಳೆಯ ಮಾತು.

ನಮ್ಮ ವೀರಗಲ್ಲುಗಳನ್ನು ಇದರ ಪಕ್ಕದಲ್ಲಿಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅಲ್ಲಿ ಶತ್ರುವೂ ಇದ್ದಾನೆ. ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಎಲ್ಲಕ್ಕೂ ಮೇಲೆ ಶಿವಸಾನ್ನಿಧ್ಯ. ಬರೆಹವಿದ್ದರೆ ಸತ್ತವನ ಹೆಸರೂ ಅವನು ಮಡಿದ ಕಾರಣವೂ ಸಾಮಾನ್ಯವಾಗಿ ಇರುತ್ತವೆ. ತುರುಗಳನ್ನು ಮರಳಿಸಲು ಹೋರಾಡಿ ಸತ್ತ ಹಳ್ಳಿಗನಿಗೂ ಆ ಮರ್ಯಾದೆ ಸಂದಿದೆ. ಕಂಪನಿಯ ಪದಕದಲ್ಲಿ ಅಚ್ಚಾಗಿರುವುದು ಒಡೆಯನ ಹೆಸರು. ಯೋಧನಿಗೆ ಹೆಸರಿಲ್ಲ. ಕಲೆಯ ದೃಷ್ಟಿಯಿಂದ ಪದಕದ ಕೆಲಸ ನಾಜೂಕಾಗಿದೆ, ಒಪ್ಪೋಣ. ಒರಟು ಕಲ್ಲಿನ ವೀರಗಲ್ಲು ಹೆಚ್ಚು ತುಂಬಿದ ಕೃತಿಯೆಂದೇ ನನ್ನ ತೀರ್ಮಾನ.

ಹೆಸರಿನ ಮಾತು ಬಂತು. ಸುಳ್ಯದ ಕಡೆ ಹಳಬರು ಈ ಪ್ರಸಂಗವನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎನ್ನುತ್ತಿದ್ದರು. ಕಾಟಕಾಯಿ ಎಂಬಲ್ಲಿ ಕೊಳ್ಳೆ, ಉಪದ್ರವ ಎಂಬ ಧ್ವನಿಯಿದೆ. ಗೆದ್ದವರ ಮಾತು ಸೋತವರ ಬಾಯಿಯಲ್ಲೂ ನೆಲೆಯಾದ ಹಾಗೆ. ಈಗ ನಾವು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ ಎನ್ನುತ್ತೇವೆ. 2022ರಲ್ಲಿ ಬಾವುಟಗುಡ್ಡೆಯ ಮೇಲೆ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ನಿಂತಿದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನೂ ನಿರಂಜನರ ‘ಕಲ್ಯಾಣಸ್ವಾಮಿ’ಯನ್ನೂ ಓದಿದವರಿಗೆ ಈ ಕಾಲದ ನೋವು ಹೊಸದಲ್ಲ. ಪ್ರತಿಮೆ ನಿಂತಿತೆಂದು ಪದಕವನ್ನು ಬಚ್ಚಿಡಬೇಕಾಗಿಲ್ಲ. ಅದನ್ನು ಪಡೆದ ಮನೆತನಗಳಲ್ಲಿ ಅದು ಅಜ್ಜನ ಶೌರ್ಯದ ಗುರುತು. ಆ ಅಭಿಮಾನವನ್ನು ಹಂಗಿಸುವುದು ವಿಮರ್ಶೆಯ ಕೆಲಸವಲ್ಲ. ಪದಕ ನಾಡಿನ ಹೊರಗೆ ಮಾರಿಹೋಗಿ, ಅದರ ಕನ್ನಡ ಇಲ್ಲಿ ಯಾರ ಕಣ್ಣಿಗೂ ಬೀಳದಿರುವುದೇ ನಿಜವಾದ ನಷ್ಟ.

ಇನ್ನು ನಮ್ಮ ಕಡೆಯದೇ ಒಂದು ಉದಾಹರಣೆ. 2006ರಲ್ಲಿ ಭಾರತ ಸರ್ಕಾರ ಮಹಾತ್ಮ ಬಸವೇಶ್ವರರ ಸ್ಮಾರಕವಾಗಿ 5 ರೂಪಾಯಿಯ ಮತ್ತು 100 ರೂಪಾಯಿಯ ನಾಣ್ಯಗಳನ್ನು ಹೊರತಂದಿತು. ಪದಕವಲ್ಲ, ನಾಣ್ಯ, ಆದರೂ ಕೊಂಡವರು ಚಲಾವಣೆಗೆ ಬಿಡದೆ ಜೋಪಾನಮಾಡಿದ್ದರಿಂದ ಪದಕದ ದಾಯಾದಿ. ಅದರಲ್ಲಿ ಹೆಸರು ಹಿಂದಿಯಲ್ಲಿದೆ, ಇಂಗ್ಲಿಷಿನಲ್ಲಿದೆ. ದೇಶದ ನಾಣ್ಯಗಳಿಗೆ ಇರುವ ಕಟ್ಟಳೆ ಅದು, ಯಾರನ್ನೂ ದೂರಬೇಕಾಗಿಲ್ಲ. ಆದರೂ ಸಂಸ್ಕೃತವನ್ನು ಬಿಟ್ಟು ಜನರ ಕನ್ನಡದಲ್ಲಿ ಮಾತನಾಡಿದ ಬಸವಣ್ಣನವರ ನಾಣ್ಯದಲ್ಲಿ ಕನ್ನಡದ ಅಕ್ಷರವಿಲ್ಲ. ದಂಗೆ ಅಡಗಿಸಿದ ಕಂಪನಿಯ ಪದಕದಲ್ಲಿ ಇದೆ. ಇಂಗಳೇಶ್ವರದ ಕಲ್ಲುಗಳ ಮುಂದೆ ನಿಂತಾಗ ಈ ವಿಪರ್ಯಾಸ ಮನಸ್ಸಿಗೆ ತಟ್ಟದೆ ಇರದು.

ಕೂಡಿಡುವುದಕ್ಕೂ ಓದುವುದಕ್ಕೂ ಸಂಬಂಧ ಹೇಗಿರಬೇಕೆಂಬುದಕ್ಕೆ ನ್ಯೂಯಾರ್ಕಿನ ತನಕ ಹೋಗಬೇಕಾದದ್ದೂ ಇಲ್ಲ. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಯ ಕಟ್ಟುಗಳನ್ನು ಕೂಡಿಸಿದರು. ಕೂಡಿಸಿದ್ದನ್ನು ಪೆಟ್ಟಿಗೆಯಲ್ಲಿಡದೆ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಮನೆ ಮಾರಿ ಮುದ್ರಣಾಲಯ ಹಾಕಿದರು. ಹಸ್ತಪ್ರತಿಯ ಒಡೆತನಕ್ಕಿಂತ ಅದರ ಪಾಠ ಅವರಿಗೆ ದೊಡ್ಡದಾಗಿತ್ತು. ಶಾಸನಗಳ ವಿಷಯದಲ್ಲಿ ಬಿ. ಎಲ್. ರೈಸ್ ಮಾಡಿದ್ದೂ ಇದನ್ನೆ. ಅವರು ಬೆಂಗಳೂರಿನಲ್ಲಿ ಹುಟ್ಟಿದ್ದು 1837ರಲ್ಲಿ, ಪದಕದ ವರ್ಷವೇ. ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ, 1886ರದು, ಕೊಡಗಿನ ಶಾಸನಗಳದೇ.

ಈಗ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಪದಕದ ಕನ್ನಡದ ಬರೆಹವನ್ನು ಅಕ್ಷರ ಅಕ್ಷರವಾಗಿ, ಕಾಗುಣಿತ ತಿದ್ದದೆ, ಅಚ್ಚುಮಾಡಬೇಕು. ಉಕ್ಕಿನ ಅಚ್ಚಿನಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೊರೆಯಬೇಕಾಗುತ್ತದೆ. ಕಲ್ಕತ್ತೆಯಲ್ಲಿ ಕನ್ನಡದ ಒತ್ತು, ದೀರ್ಘಗಳನ್ನು ಹಾಗೆ ಕೊರೆದ ಕೈ ಎಲ್ಲೆಲ್ಲಿ ತಡವರಿಸಿದೆ ಎಂಬುದನ್ನು ಲಿಪಿಯನ್ನು ಬಲ್ಲವರು ನೋಡಬೇಕು. ಚಿನ್ನದ ಪ್ರತಿಗೂ ಬೆಳ್ಳಿಯ ಪ್ರತಿಗೂ ಪಾಠಾಂತರವಿದೆಯೆ ಎಂದು ಹೋಲಿಸಬೇಕು. ಕೊಡಗಿನ ಮನೆಗಳಲ್ಲಿ ಉಳಿದಿರುವ ಪದಕಗಳ ಛಾಯಾಚಿತ್ರಗಳನ್ನು ಒಡೆಯರ ಒಪ್ಪಿಗೆಯಿಂದ ತೆಗೆಯಬೇಕು. ತೆಗೆಯುವವರು ಕನ್ನಡದ ಮುಖವನ್ನು ಮೊದಲು ತೆಗೆಯಲಿ.