ಅನಿತಾ ಕೇಳಿದ ಪ್ರಶ್ನೆ

ಕೆಂಗೇರಿಯಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮೆಟ್ರೋ 2023ರ ಅಕ್ಟೋಬರ್‌ನಿಂದ ಒಂದೇ ಓಟದಲ್ಲಿ ಸಾಗುತ್ತಿದೆ. ಬೆಳಿಗ್ಗೆ ವಿಜಯನಗರದಲ್ಲಿ ಹತ್ತುವ ಹೆಣ್ಣುಮಕ್ಕಳನ್ನು ನೋಡಿದರೆ ಹೆಂಗಸರ ಉದ್ಯೋಗ ಇನ್ನು ಚರ್ಚೆಯ ವಿಷಯವೇ ಅಲ್ಲ ಅನ್ನಿಸುತ್ತದೆ. ಆದರೆ ಬಸವೇಶ್ವರನಗರದ್ದೋ ರಾಜಾಜಿನಗರದ್ದೋ ನಡುಮನೆಯಲ್ಲಿ ಸಂಬಂಧದ ಮಾತು ಬಂದಾಗ ಹಳೆಯ ಪ್ರಶ್ನೆಗಳೇ: ಹುಡುಗಿಯ ಸ್ವಭಾವ ಹೇಗೆ? ಮದುವೆಯಾದ ಮೇಲೆ ಕೆಲಸ ಬಿಡುತ್ತಾಳಾ? ಸಂಸಾರ ನಿಲ್ಲುವುದು ಅವಳ ಉತ್ತರದ ಮೇಲೆ ಎಂಬ ನಂಬಿಕೆ ಇದರ ಹಿಂದಿದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಬೆಂಗಳೂರಿನದೇ ಕಥೆ. ಅದನ್ನು ಈ ನಂಬಿಕೆಯ ಎದುರಿಟ್ಟು ಓದಬೇಕು.

ಇಲ್ಲಿ ಉದ್ಯೋಗದ ಪ್ರಶ್ನೆಗೆ ಉತ್ತರಿಸಬೇಕಾದವನು ಗಂಡ. ಚಿಕ್ಕಪ್ಪನ ಸೋನಾ ಮಸಾಲಾ ಕಂಪನಿಯಲ್ಲಿ ಅವನು ಹೆಸರಿಗೆ ಡೈರೆಕ್ಟರ್. ಹಣ ಖಾತೆಗೆ ಬರುತ್ತದೆ, ಕೆಲಸವಿಲ್ಲ. ಹೈದರಾಬಾದಿನಿಂದ ಬಂದ ಅನಿತಾಳಿಗೆ ಇದು ತಿಳಿದಾಗ ಜಗಳ ಶುರುವಾಗುತ್ತದೆ. ಅವಳಿಗೆ ಹಣದ ಕೊರತೆಯಿಲ್ಲ. ಗಂಡ ದುಡಿಯುವುದಿಲ್ಲ ಎಂಬುದೇ ತಕರಾರು. ಚಿಕ್ಕಪ್ಪನನ್ನು ಹುಡುಕಿ ಬಂದ ಹೆಂಗಸೊಬ್ಬಳನ್ನು ಮನೆಯವರು ಬೈದು ಅಟ್ಟಿದಾಗಲೂ ಅವಳು ಸುಮ್ಮನಿರುವುದಿಲ್ಲ. ನಮ್ಮ ಮನೆಗಳಲ್ಲಿ ಇದನ್ನು ‘ಹೊಂದಿಕೊಳ್ಳದ ಸ್ವಭಾವ’ ಎನ್ನುತ್ತಾರೆ.

ಗಂಡನ ಸೋದರಿ ಮಾಲತಿಯೂ ಜೋರಿನವಳೇ, ಗಂಡನ ಮನೆ ಬಿಟ್ಟು ಬಂದವಳು. ಸ್ವಭಾವವೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ಇಬ್ಬರದೂ ಒಂದೇ ಕಥೆಯಾಗಬೇಕಿತ್ತು. ಆದರೆ ಮಾಲತಿಯ ಬೆನ್ನಿಗೆ ತವರಿನ ಹಣವಿದೆ, ಒಡವೆ ವಾಪಸು ತರಲು ಜೊತೆಗೆ ಹೋಗುವ ಆಳುಗಳಿದ್ದಾರೆ. ಅನಿತಾಳಿಗೆ ಆ ಮನೆಯೊಳಗೆ ತನ್ನ ಮಾತು ಬಿಟ್ಟರೆ ಬೇರೇನಿಲ್ಲ. ಮಾಲತಿ ತವರಲ್ಲಿ ಮತ್ತೆ ನೆಲೆಯೂರುತ್ತಾಳೆ. ಅನಿತಾ ಏನಾದಳೋ ಎಂಬ ಆತಂಕದಲ್ಲಿ ಕಥೆ ಮುಗಿಯುತ್ತದೆ.

ಒಂದು ಕೊರತೆಯನ್ನೂ ಹೇಳಬೇಕು. ಎಲ್ಲವನ್ನೂ ನಿರೂಪಿಸುವವನು ಗಂಡನೇ ಆದ್ದರಿಂದ ಅನಿತಾ ತನಗಾಗಿ ಯಾವ ದುಡಿಮೆ ಬಯಸಿದ್ದಳೆಂಬುದು ನಮಗೆ ಸಿಗುವುದಿಲ್ಲ. ಅವನ ಹಳೆಯ ಗೆಳತಿ ಚಿತ್ರಾ ಮಹಿಳೆಯರಿಗಾಗಿ ಇರುವ ಸಂಸ್ಥೆಯಲ್ಲಿ ಕೆಲಸ ಮಾಡುವವಳು, ಹಿಂಸೆಗೊಳಗಾದ ಹೆಂಡತಿಯರ ಸಂಗತಿಗಳನ್ನು ಕಾಫಿ ಹೌಸ್‌ನಲ್ಲಿ ಅವನಿಗೆ ಹೇಳಿದವಳು. ಅವಳನ್ನೂ ಕಥೆ ಬೇಗ ಕೈಬಿಡುತ್ತದೆ. ನಿರೂಪಕ ಕಿವಿಗೊಡದ್ದು ಓದುಗರಿಗೂ ದಕ್ಕುವುದಿಲ್ಲ. ಇದು ಲೇಖಕರ ಆಯ್ಕೆಯೇ ಇರಬಹುದು, ಆದರೂ ಆ ಜಾಗ ಖಾಲಿಯೇ ಉಳಿಯುತ್ತದೆ.

ಕೊನೆಗೂ ಆ ಕುಟುಂಬ ಒಡೆಯುವುದಿಲ್ಲ. ಎಲ್ಲರೂ ಎಂದಿನಂತೆ ಒಟ್ಟಿಗೆ ಕೂತು ಚಹಾ ಕುಡಿಯುತ್ತಾರೆ, ಅನಿತಾ ಮಾತ್ರ ಇಲ್ಲ. ಸಂಸಾರದ ಸ್ಥಿರತೆ ಎಂದು ನಾವು ಹೊಗಳುವುದು ಎಷ್ಟೋ ಸಲ ಇದನ್ನೇ. ನಡುಮನೆಯ ಮಾತುಕತೆಯಲ್ಲಿ ಹುಡುಗನ ಸಂಬಳ ಕೇಳುತ್ತೇವೆ. ಅವನ ಸ್ವಭಾವವನ್ನು, ಅವನ ಮನೆಯವರು ಒಗ್ಗಟ್ಟಾಗಿರುವುದು ಯಾತಕ್ಕೆ ಎಂಬುದನ್ನು ಕೇಳುವುದಿಲ್ಲ. ಅನಿತಾ ಕೇಳಿದ್ದಳು, ಆದರೆ ಮದುವೆಯಾದ ಮೇಲೆ.