ಗೋಲು ಹೊಡೆಯದವನಿಗೂ ಒಂದು ಜಾಗ

ಭಾರತ ಹಾಕಿ ತಂಡದ ಫಾರ್ವರ್ಡ್‌ಗಳ ಬಗ್ಗೆ ನಾವು ಮಾತಾಡೋ ರೀತಿಯೇ ಸರಿಯಿಲ್ಲ ಅನ್ನೋದು ನನ್ನ ತಕರಾರು. ಒಲಿಂಪಿಕ್ಸ್‌ಗೆ ತಂಡ ಪ್ರಕಟವಾದ ದಿನ ನೋಡಿ. ‘ಅಷ್ಟು ಗೋಲು ಹೊಡೆದವನನ್ನ ಯಾಕ್ರೀ ಬಿಟ್ಟರು?’ ಅಂತ ಒಬ್ಬರು. ‘ವಯಸ್ಸಾಯ್ತು ಬಿಡ್ರಿ, ಹುಡುಗರಿಗೆ ಜಾಗ ಬಿಡಲಿ’ ಅಂತ ಇನ್ನೊಬ್ಬರು. ಎರಡು ದಿನ ಗದ್ದಲ. ಆಮೇಲೆ ಪದಕ ಬಂದರೆ ಎಲ್ಲರೂ ಗೆದ್ದೆತ್ತಿನ ಬಾಲ ಹಿಡಿದು ಹೊರಡುತ್ತೇವೆ. ಬರದಿದ್ದರೆ ಅದೇ ಪಟ್ಟಿ ಹಿಡಿದುಕೊಂಡು ಬೈಯುತ್ತೇವೆ. ಇದರಲ್ಲಿ ಹಾಕಿ ಎಲ್ಲಿದೆ?

ಲೆಕ್ಕದಿಂದ ಶುರು ಮಾಡೋಣ. ಮೈದಾನದಲ್ಲಿ ಇರೋದು 11 ಜನ. ಒಲಿಂಪಿಕ್ಸ್‌ಗೆ ಒಂದು ತಂಡ ಹೆಸರಿಸಬಹುದಾದದ್ದು 16 ಜನರನ್ನ. ಟೋಕಿಯೊ ಮತ್ತು ಪ್ಯಾರಿಸ್, ಎರಡಕ್ಕೂ ಭಾರತ ಆರಿಸಿದ ತಂಡದ ಅಳತೆ ಒಂದೇ: ಒಬ್ಬ ಗೋಲ್‌ಕೀಪರ್, ಐವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಐವರು ಫಾರ್ವರ್ಡ್. ಬೆಂಗಳೂರಿನ ಸಾಯ್ ಕೇಂದ್ರದ ಶಿಬಿರದಲ್ಲಿ 30ಕ್ಕೂ ಹೆಚ್ಚು ಜನ ವರ್ಷಗಟ್ಟಲೆ ಬೆವರು ಹರಿಸ್ತಾರೆ. ಅಷ್ಟೂ ಫಾರ್ವರ್ಡ್‌ಗಳ ಕಣ್ಣು ಈ ಐದು ಕುರ್ಚಿಗಳ ಮೇಲೆ. ಒಂದೊಂದು ಕುರ್ಚಿಯ ಬೆಲೆ ಎಷ್ಟು ಅಂತ ತಿಳೀಬೇಕಾದ್ರೆ ಪ್ಯಾರಿಸ್ ನೆನಪಿಸಿಕೊಳ್ಳಿ. ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಿತ್ತು, ಮುಂದಿನ ಪಂದ್ಯಕ್ಕೆ ನಿಷೇಧ. ಬದಲಿಗೆ ಇನ್ನೊಬ್ಬರನ್ನ ಇಳಿಸೋ ಹಾಗಿರಲಿಲ್ಲ. ಜರ್ಮನಿ ಎದುರಿನ ಸೆಮಿಫೈನಲ್ಲನ್ನು ಭಾರತ 15 ಜನರಲ್ಲೇ ಆಡಿತು.

ಈಗ ನಮ್ಮ ಪ್ರೀತಿಯ ಅಳತೆಗೋಲು, ಅಂದರೆ ಗೋಲುಗಳ ಸಂಖ್ಯೆ. ಪ್ಯಾರಿಸ್‌ನಲ್ಲಿ ಭಾರತ ಗಳಿಸಿದ್ದು ಒಟ್ಟು 15 ಗೋಲು. ಅದರಲ್ಲಿ 10 ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರದು. ಅವರು ಡಿಫೆಂಡರ್. ಒಂದು ಗೋಲು ಮಿಡ್‌ಫೀಲ್ಡರ್ ವಿವೇಕ್ ಸಾಗರ್ ಪ್ರಸಾದ್ ಅವರದು. ಐವರು ಫಾರ್ವರ್ಡ್‌ಗಳ ಪಾಲಿಗೆ ಬಂದದ್ದು ನಾಲ್ಕೇ: ಅಭಿಷೇಕ್ ಎರಡು, ಮನ್‌ದೀಪ್ ಒಂದು, ಸುಖ್‌ಜೀತ್ ಒಂದು. ಗುರ್ಜಂತ್ ಸೊನ್ನೆ. ಲಲಿತ್ ಉಪಾಧ್ಯಾಯ ಸೊನ್ನೆ. ಲಲಿತ್ ಟೋಕಿಯೊದಲ್ಲೂ ಸೊನ್ನೆಯೇ. ಎರಡು ಒಲಿಂಪಿಕ್ಸ್ ಆಡಿದ ಫಾರ್ವರ್ಡ್, ಒಂದೂ ಗೋಲಿಲ್ಲ, ಮನೆಯಲ್ಲಿ ಎರಡು ಕಂಚಿನ ಪದಕ. ನಮ್ಮ ಅಳತೆಗೋಲಿನ ಪ್ರಕಾರ ಇದು ದೊಡ್ಡ ಹಗರಣ ಆಗಬೇಕಿತ್ತು. ಆದರೆ ಎರಡು ಬೇರೆ ಬೇರೆ ಕೋಚ್‌ಗಳು, ಗ್ರಹಾಂ ರೀಡ್ ಮತ್ತು ಕ್ರೇಗ್ ಫುಲ್ಟನ್, ಎರಡು ಬಾರಿಯೂ ಅವರೇ ಬೇಕು ಅಂದರು. ಇಬ್ಬರಿಗೂ ಒಟ್ಟಿಗೆ ತಲೆ ಕೆಟ್ಟಿರಲಿಕ್ಕಿಲ್ಲ.

ಹಾಗಾದ್ರೆ ಫಾರ್ವರ್ಡ್ ಮಾಡೋ ಕೆಲಸ ಏನು? ಹರ್ಮನ್‌ಪ್ರೀತ್ ಡ್ರ್ಯಾಗ್ ಫ್ಲಿಕ್ ಹೊಡೀಬೇಕಾದ್ರೆ ಮೊದಲು ಪೆನಾಲ್ಟಿ ಕಾರ್ನರ್ ಸಿಗಬೇಕು. ಅದು ಆಕಾಶದಿಂದ ಉದುರೋದಿಲ್ಲ. ಯಾರೋ ಒಬ್ಬ ಚೆಂಡು ಹಿಡಿದು ಡಿ ಒಳಗೆ ನುಗ್ಗಬೇಕು, ಎದುರಾಳಿ ಡಿಫೆಂಡರ್ ಕಾಲಿಗೆ ಚೆಂಡು ತಾಗೋ ಹಾಗೆ ಮಾಡಬೇಕು. ಹೆಚ್ಚಿನ ಸಲ ಆ ಯಾರೋ ಒಬ್ಬ ಫಾರ್ವರ್ಡೇ. ಅಂಪೈರ್ ಕೈ ತೋರಿಸಿದ ಮೇಲೆ ಕ್ಯಾಮೆರಾ ಡ್ರ್ಯಾಗ್ ಫ್ಲಿಕ್ಕರ್ ಕಡೆ ತಿರುಗುತ್ತೆ. ಎದುರಾಳಿ ಚೆಂಡನ್ನು ಹಿಂದಿನಿಂದ ಕಟ್ಟಿಕೊಂಡು ಬರುವಾಗ ಮೊದಲು ಅಡ್ಡ ಬೀಳಬೇಕಾದವನೂ ಫಾರ್ವರ್ಡೇ. ಅವನು ಎರಡು ಹೆಜ್ಜೆ ತಡ ಮಾಡಿದರೆ ಹಿಂದೆ ಇರೋ ಒಂಬತ್ತು ಜನರ ಲೆಕ್ಕ ತಪ್ಪುತ್ತೆ. ಇನ್ನು ಕೆಲವು ಓಟಗಳು ಚೆಂಡಿಗಾಗಿ ಅಲ್ಲವೇ ಅಲ್ಲ. ತನ್ನ ಹಿಂದೆ ಒಬ್ಬ ಡಿಫೆಂಡರನ್ನ ಎಳೆದುಕೊಂಡು ಹೋಗಿ, ಗೆಳೆಯನಿಗೆ ಜಾಗ ಬಿಡಿಸಿಕೊಡೋ ಓಟಗಳು. ಸ್ಕೋರ್‌ಬೋರ್ಡಿಗೆ ಇದಾವುದೂ ಗೊತ್ತಾಗಲ್ಲ.

ಬ್ರಿಟನ್ ವಿರುದ್ಧದ ಆ ಕ್ವಾರ್ಟರ್ ಫೈನಲ್ಲನ್ನೇ ತಗೊಳ್ಳಿ. 17ನೇ ನಿಮಿಷದಲ್ಲಿ ಕೆಂಪು ಕಾರ್ಡ್. ಉಳಿದ 40ಕ್ಕೂ ಹೆಚ್ಚು ನಿಮಿಷ ಹತ್ತೇ ಜನ. ಅವತ್ತು ಭಾರತದ ಫಾರ್ವರ್ಡ್‌ಗಳ ಮುಖ್ಯ ಕೆಲಸವೇ ಹಿಂದೆ ಓಡಿ ಬಂದು ಗೋಡೆ ಕಟ್ಟೋದು. 1-1ರಲ್ಲಿ ಮುಗಿದ ಪಂದ್ಯ ಶೂಟೌಟ್‌ಗೆ ಹೋಯಿತು. ಎಂಟು ಸೆಕೆಂಡ್, ಎದುರಿಗೆ ಗೋಲ್‌ಕೀಪರ್ ಒಬ್ಬ. ಅಲ್ಲಿ ಚೆಂಡು ಒಳಗೆ ಹಾಕಿದ ನಾಲ್ವರಲ್ಲಿ ಸುಖ್‌ಜೀತ್ ಒಬ್ಬರು, ಸೊನ್ನೆಯ ಲಲಿತ್ ಇನ್ನೊಬ್ಬರು. ಶೂಟೌಟ್ ಗೋಲುಗಳು ಆಟಗಾರನ ಖಾತೆಗೆ ಜಮೆ ಆಗಲ್ಲ. ತಂಡ ಸೆಮಿಫೈನಲ್ ತಲುಪಿದ್ದು ಮಾತ್ರ ಅದರಿಂದಲೇ.

ನಮ್ಮ ಕಚೇರಿಗಳಲ್ಲೂ ಹೀಗೇ ಅಲ್ವಾ? ಡೆಮೊ ಕೊಟ್ಟವನ ಹೆಸರು ಮೇಲಿನವರಿಗೆಲ್ಲ ಗೊತ್ತಿರುತ್ತೆ. ರಾತ್ರಿ ಎರಡು ಗಂಟೆಗೆ ಎದ್ದು ಬಿದ್ದ ಸರ್ವರನ್ನ ಎಬ್ಬಿಸಿದವನ ಹೆಸರು ಸ್ಲೈಡಲ್ಲಿ ಇರಲ್ಲ. ಇನ್ನೊಂದು ಹೋಲಿಕೆಯೂ ಇದೆ. ಟೋಕಿಯೊ ಪಟ್ಟಿಯಲ್ಲಿ ಫಾರ್ವರ್ಡ್ ಆಗಿದ್ದ ಶಂಶೇರ್ ಸಿಂಗ್, ಪ್ಯಾರಿಸ್ ಪಟ್ಟಿಯಲ್ಲಿ ಮಿಡ್‌ಫೀಲ್ಡರ್. 16 ಜನರಲ್ಲೇ ಸಂಸಾರ ನಡೆಸಬೇಕಾದ ಕೋಚ್‌ಗೆ ಎರಡು ಕೆಲಸ ಬಲ್ಲವನು ಬೇಕು, ನಮ್ಮ ಭಾಷೆಯಲ್ಲಿ ಫುಲ್ ಸ್ಟ್ಯಾಕ್. ಹೋಲಿಕೆಯನ್ನ ಇಲ್ಲಿಗೇ ನಿಲ್ಲಿಸ್ತೀನಿ. ನಮಗೆ ಈ ವರ್ಷದ ಅಪ್ರೈಸಲ್ ಕೆಟ್ಟರೆ ಮುಂದಿನ ವರ್ಷ ಇನ್ನೊಂದಿದೆ, ಅದೂ ಬೇಡವಾದರೆ ಇನ್ನೊಂದು ಕಂಪನಿ ಇದೆ. ಫಾರ್ವರ್ಡ್‌ಗೆ ಒಲಿಂಪಿಕ್ಸ್ ಬರೋದು ನಾಲ್ಕು ವರ್ಷಕ್ಕೊಮ್ಮೆ, ಆಡಲು ಇರೋದು ಒಂದೇ ದೇಶ.

ಪಟ್ಟಿಯಲ್ಲಿ ಇದ್ದವರು ಸಮರ್ಥರು, ಇಲ್ಲದವರು ಅಲ್ಲ ಅನ್ನೋ ನಂಬಿಕೆಯೂ ನಮಗೆ ಬಹಳ ಗಟ್ಟಿ. ಅದನ್ನ ಅಲ್ಲಾಡಿಸೋ ಕಥೆ ಸಿಮ್ರನ್‌ಜೀತ್ ಸಿಂಗ್ ಅವರದು. 2021ರ ಜೂನ್‌ನಲ್ಲಿ ಪ್ರಕಟವಾದ ಟೋಕಿಯೊದ 16ರಲ್ಲಿ ಅವರ ಹೆಸರಿರಲಿಲ್ಲ. ಕೋವಿಡ್ ಕಾಲ ಅಂತ ನಿಯಮ ಸಡಿಲವಾಗಿ, 18 ಜನರನ್ನ ಇಟ್ಟುಕೊಂಡು ಪ್ರತಿ ಪಂದ್ಯಕ್ಕೂ 16 ಜನರನ್ನ ಆರಿಸಬಹುದು ಅಂತಾಯ್ತು. ಕಾಯ್ದಿರಿಸಿದ ಆಟಗಾರರಾಗಿದ್ದ ಸಿಮ್ರನ್‌ಜೀತ್ ಮತ್ತು ಡಿಫೆಂಡರ್ ವರುಣ್ ಕುಮಾರ್ ಹಾಗೆ ಒಳಗೆ ಬಂದರು. ಸ್ಪೇನ್ ವಿರುದ್ಧ ಮೊದಲ ಗೋಲು ಸಿಮ್ರನ್‌ಜೀತ್ ಅವರದು. ಅರ್ಜೆಂಟೀನಾ ವಿರುದ್ಧ ಮೊದಲ ಗೋಲು ವರುಣ್ ಅವರದು. ಆಗಸ್ಟ್ 5ರಂದು ಜರ್ಮನಿ ಎದುರು ಕಂಚಿನ ಪಂದ್ಯ. 1-3ರಿಂದ ಹಿಂದಿದ್ದ ಭಾರತ 5-4ರಲ್ಲಿ ಗೆದ್ದು 41 ವರ್ಷಗಳ ನಂತರ ಪದಕ ತಂತು. ಆ ಐದರಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಹೊಡೆದದ್ದು ಸಿಮ್ರನ್‌ಜೀತ್. ಹಳೆಯ ನಿಯಮವೇ ಇದ್ದು, ಯಾರಿಗೂ ಗಾಯ ಆಗದೇ ಇದ್ದಿದ್ದರೆ, ಅವರು ಆ ಪಂದ್ಯವನ್ನ ಹೊರಗಿನಿಂದ ನೋಡಬೇಕಿತ್ತು.

ಇದರಿಂದ ಆಯ್ಕೆದಾರರು ದಡ್ಡರು ಅಂತ ತೀರ್ಪು ಕೊಡೋದು ಸುಲಭ, ಆದರೆ ಅದು ತಪ್ಪು. ಅವರು ಆರಿಸಿದ ಗುರ್ಜಂತ್ ಟೋಕಿಯೊದಲ್ಲಿ ಮೂರು ಗೋಲು ಹೊಡೆದರು, ದಿಲ್‌ಪ್ರೀತ್ ಎರಡು. ಸತ್ಯ ಏನಂದ್ರೆ, ಐದನೇ ಫಾರ್ವರ್ಡ್‌ಗೂ ಆರನೆಯವನಿಗೂ ನಡುವಿನ ವ್ಯತ್ಯಾಸ ಕೂದಲೆಳೆಯಷ್ಟು. ಫಲಿತಾಂಶದಲ್ಲಿ ಮಾತ್ರ ಒಬ್ಬನಿಗೆ ಪದಕ, ಇನ್ನೊಬ್ಬನಿಗೆ ಟಿವಿ. ಈ ಕೂದಲೆಳೆಯನ್ನ ನಾವು ಪ್ರತಿಭೆಯ ಕಂದಕ ಅಂತ ಓದುತ್ತೇವೆ. ಅದೇ ದಿಲ್‌ಪ್ರೀತ್, ಅದೇ ಸಿಮ್ರನ್‌ಜೀತ್ ಪ್ಯಾರಿಸ್‌ನ 16ರಲ್ಲಿ ಇರಲಿಲ್ಲ.

ಇಲ್ಲಿ ಎಸ್.ವಿ. ಸುನಿಲ್ ಬಗ್ಗೆ ಹೇಳಲೇಬೇಕು. ನಮ್ಮೂರು ಅರಕಲಗೂಡು ಕಡೆ, ಸೋಮವಾರಪೇಟೆ ಪಕ್ಕದ ತಾಲೂಕು. ನಾವು ಹಳ್ಳಿ ಹುಡುಗರು ಹಾಕಿ ಅಂದಾಗ ಮೊದಲು ಹೇಳ್ತಿದ್ದ ಹೆಸರೇ ಸೋಮವಾರಪೇಟೆಯ ಸುನಿಲ್. 2007ರ ಏಷ್ಯಾ ಕಪ್‌ನಿಂದ ಶುರುವಾದ ಆಟ. 2014ರ ಏಷ್ಯನ್ ಗೇಮ್ಸ್ ಚಿನ್ನ, ಲಂಡನ್ ಮತ್ತು ರಿಯೊ ಒಲಿಂಪಿಕ್ಸ್. ಬಲ ಅಂಚಿನಲ್ಲಿ ಆ ವೇಗಕ್ಕೆ ಸಿಕ್ಕ ಡಿಫೆಂಡರ್‌ಗಳ ಪಾಡು ನೋಡಿದವರಿಗೇ ಗೊತ್ತು. ಟೋಕಿಯೊ ಪಟ್ಟಿಯಲ್ಲಿ ಸುನಿಲ್ ಇರಲಿಲ್ಲ. ಆಕಾಶ್‌ದೀಪ್, ರಮಣ್‌ದೀಪ್ ಕೂಡ ಇರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಸುನಿಲ್ ನಿವೃತ್ತಿ ಹೇಳಿದಾಗ ಲೆಕ್ಕ 264 ಪಂದ್ಯ, 72 ಗೋಲು. ಮಾರನೇ ವರ್ಷ ಜಕಾರ್ತದ ಏಷ್ಯಾ ಕಪ್‌ಗೆ ಯುವ ತಂಡ ಹೊರಟಾಗ ಅದೇ ಸುನಿಲ್‌ರನ್ನ ಮತ್ತೆ ಕರೆದು ಉಪನಾಯಕ ಮಾಡಿದರು. ಆ ತಂಡ ಕಂಚು ಗೆದ್ದು ಬಂತು.

ಸುನಿಲ್ ಟೋಕಿಯೊದಲ್ಲಿ ಇರಬೇಕಿತ್ತು ಅಂತ ನಾನು ವಾದ ಮಾಡ್ತಿಲ್ಲ. ರಿಯೊ ತಂಡದಲ್ಲಿ ರಘುನಾಥ್, ಉತ್ತಪ್ಪ, ನಿಕಿನ್ ತಿಮ್ಮಯ್ಯ, ಸುನಿಲ್ ಅಂತ ನಮ್ಮವರು ನಾಲ್ವರಿದ್ದರು, ಟೋಕಿಯೊದಲ್ಲಿ ಒಬ್ಬರೂ ಇಲ್ಲ ಅಂತ ಹೊಟ್ಟೆ ಉರಿಯೋದು ಸಹಜ. ಆದರೆ ಹೊಟ್ಟೆಯುರಿ ವಿಮರ್ಶೆ ಅಲ್ಲ. ನನ್ನ ಆಕ್ಷೇಪ ಬೇರೆ. 14 ವರ್ಷ ಓಡಿದವನನ್ನ ಯಾವ ಕೆಲಸದಲ್ಲಿ ಹಿಂದೆ ಬಿದ್ದ ಅಂತ ಬಿಟ್ಟರು? ವೇಗವೋ, ಹಿಂದೆ ಓಡಿ ಬರೋದರಲ್ಲೋ, ಡಿ ಒಳಗಿನ ಕೆಲಸದಲ್ಲೋ? ನಮ್ಮ ಕೈಗೆ ಸಿಗೋದು ಹೆಸರುಗಳ ಪಟ್ಟಿ, ಜೊತೆಗೆ ಅನುಭವ ಮತ್ತು ಯುವಶಕ್ತಿಯ ಸಮತೋಲನ ಅನ್ನೋ ಥರದ ಸವಕಲು ಮಾತು. ಇವತ್ತಿನ ಆಟಗಾರರು ಜಿಪಿಎಸ್ ಕಟ್ಟಿಕೊಂಡು ಓಡ್ತಾರೆ. ಎಷ್ಟು ಓಡಿದರು, ಎಷ್ಟು ವೇಗದಲ್ಲಿ ಅನ್ನೋದೆಲ್ಲ ದಾಖಲಾಗಿರುತ್ತೆ. ನಮಗೆ ತೋರಿಸೋದು ಮಾತ್ರ ಗೋಲಿನ ಸಂಖ್ಯೆ. ಹಾಗಿದ್ದ ಮೇಲೆ ಅಭಿಮಾನಿ ಗೋಲು ಎಣಿಸದೆ ಇನ್ನೇನು ಎಣಿಸಬೇಕು?

ಹೊರಬಿದ್ದ ಮೇಲೆ ಎಲ್ಲಿ ಆಡೋದು ಅನ್ನೋ ಪ್ರಶ್ನೆಯೂ ಇದೆ. ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತೇ ಹೋಗಿತ್ತು. ಇಲಾಖಾ ತಂಡಗಳು, ರಾಷ್ಟ್ರೀಯ ಚಾಂಪಿಯನ್‌ಷಿಪ್ ಇದ್ದವು ನಿಜ, ಆದರೆ ದೇಶ ಕೂತು ನೋಡೋ ವೇದಿಕೆ ಇರಲಿಲ್ಲ. ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಆ ಖಾಲಿ ವರ್ಷಗಳಲ್ಲೇ ಬಂದವು. 2024ರ ಡಿಸೆಂಬರ್‌ನಲ್ಲಿ ಪುರುಷರ ಎಂಟು ತಂಡಗಳೊಂದಿಗೆ ಲೀಗ್ ಮರಳಿತು. ಹರಾಜಿನಲ್ಲಿ ಅಭಿಷೇಕ್‌ಗೆ 72 ಲಕ್ಷ ರೂಪಾಯಿ ಬಿತ್ತು, ಪ್ಯಾರಿಸ್‌ನಲ್ಲಿ ಎರಡೇ ಗೋಲು ಹೊಡೆದ ಫಾರ್ವರ್ಡ್‌ಗೆ. ದುಡ್ಡು ಹಾಕುವವರು ಸ್ಕೋರ್‌ಬೋರ್ಡ್ ಒಂದನ್ನೇ ನೋಡಲ್ಲ ಅಂತಾಯ್ತು. ಐದು ಕುರ್ಚಿಯ ಆಟ ಈಗ ಸ್ವಲ್ಪ ಅಗಲವಾಗಿದೆ, ಒಳ್ಳೇದೇ. ಆದರೆ ಆ ಎಂಟರಲ್ಲಿ ಕರ್ನಾಟಕದ ಹೆಸರಿನ ಒಂದು ತಂಡವೂ ಇರಲಿಲ್ಲ. ರಾಷ್ಟ್ರೀಯ ಶಿಬಿರ ನಡೆಯೋ ಊರು, ಕೊಡಗಿನಂಥ ಜಿಲ್ಲೆ ಇರೋ ರಾಜ್ಯ! ಪಟ್ಟಿಯಲ್ಲಿ ನಮ್ಮವರಿಲ್ಲ ಅಂತ ಕೊರಗೋ ಮೊದಲು ಇದನ್ನ ಕೇಳಬೇಕು.

ಒಂದು ಸಣ್ಣ ಪ್ರಯೋಗ ಹೇಳ್ತೀನಿ, ಮಾಡಿ ನೋಡಿ. ಮುಂದಿನ ಸಲ ಭಾರತದ ಪಂದ್ಯ ನೋಡುವಾಗ ಒಂದೇ ಒಂದು ಕ್ವಾರ್ಟರ್, 15 ನಿಮಿಷ, ಚೆಂಡನ್ನ ಮರೆತುಬಿಡಿ. ಒಬ್ಬ ಫಾರ್ವರ್ಡ್ ಮೇಲೆ ಮಾತ್ರ ಕಣ್ಣಿಡಿ. ಎಷ್ಟು ಸಲ ಚೆಂಡು ಸಿಗದಿದ್ದರೂ ಓಡಿದ, ಎಷ್ಟು ಸಲ ಎದುರಾಳಿಯ ಪಾಸ್ ದಾರಿ ಮುಚ್ಚಿದ, ಎಷ್ಟು ಸಲ ಹಿಂದಿನವರೆಗೂ ಬಂದ ಅಂತ ಎಣಿಸಿ. ಆಮೇಲೆ ಅವನು ತಂಡದಲ್ಲಿ ಇರಬೇಕೋ ಬೇಡವೋ ಅಂತ ಜಗಳ ಆಡೋಣ ಬನ್ನಿ.